ಕಬ್ಬಿನ ಸೀಮ್ಯಾಗ ಕಡ್ಲಿಪಲ್ಲೆ ಎಲ್ಲಿ ಸಿಕ್ಕೀತು?

ತುಕ್ಕಾನಟ್ಟಿ: ಸಂತೆಯ ದಿನ ಮುಂಜಾನೆಯ ಬಸ್ಸಿಗೆ ಮೊದಲು ಕೈ ಮಾಡುವವರು ಯಾರು? ನೌಕರಿಯವರಲ್ಲ, ಕಾಲೇಜು ಹುಡುಗರೂ ಅಲ್ಲ. ತಲೆಯ ಮೇಲೆ ಪಲ್ಲೆಯ ಗಂಟು, ಬಗಲಲ್ಲಿ ಬದನಿಕಾಯಿ ಬುಟ್ಟಿ ಹಿಡಿದ ಹಳ್ಳಿಯ ತಾಯಂದಿರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಇವರ ಟಿಕೀಟಿನ ರೊಕ್ಕ ಉಳಿದಿದೆ. ಗಂಟಿನ ತಕರಾರು ಮಾತ್ರ ಉಳಿದೇ ಇದೆ. "ಯವ್ವಾ, ಬಾಗಲದಾಗ ಇಡಬ್ಯಾಡ, ಹಿಂದಕ ಸರಸ" ಎಂದು ಕಂಡಕ್ಟರ್ ಗದರಿದರೆ, "ಸರಸ್ತೇನಿ ತಗೋ ತಮ್ಮಾ, ಪಲ್ಲೆ ಏನ್ ಕಬ್ಬಿಣ ಅಲ್ಲ" ಎಂಬ ಉತ್ತರ ತಯಾರು!

ಈ ಗಂಟಿನ ಮಹತ್ವ ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಪಲ್ಲೆ ಮಾರಿದ ರೊಕ್ಕ ಅಂದೇ ಸಂಜೆ ಚಹಾಪುಡಿ, ಸಕ್ಕರೆ, ಎಣ್ಣೆ, ಮಕ್ಕಳ ಪಾಟಿ-ಪೆನ್ಸಿಲ್ಲು ಆಗಿ ಅದೇ ಪೇಟೆಯಲ್ಲಿ ಇಳಿಯುತ್ತದೆ. ಸಂತೆ ಸೊರಗಿದ ವಾರ ಅಂಗಡಿಯ ಗಲ್ಲಾ ಕೂಡ ಸೊರಗುತ್ತದೆ. ಉದ್ರಿ ಪುಸ್ತಕ ಮಾತ್ರ ದಪ್ಪಗಾಗುತ್ತದೆ.

ಇದು ಕಬ್ಬಿನ ಸೀಮೆ. ಘಟಪ್ರಭೆಗೆ ಧುಪದಾಳದಲ್ಲಿ 1897ರಲ್ಲಿ ಒಡ್ಡು ಬಿತ್ತು, ಎಡದಂಡೆ ಕಾಲುವೆ ಹರಿಯಿತು. 1977ರಲ್ಲಿ ಹಿಡಕಲ್ ಆಣೆಕಟ್ಟು ಮುಗಿಯಿತು. ನೀರು ಬಂದಲ್ಲೆಲ್ಲ ಕಬ್ಬು ನಿಂತಿತು. ಜೋಳ, ಕಡಲೆ, ಕುಸುಬಿ ಹಿಂದೆ ಸರಿದವು. ಕಬ್ಬು ದೊಡ್ಡ ರೊಕ್ಕದ ಬೆಳೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ರೊಕ್ಕ ಕೈಗೆ ಬರುವುದು ಯಾವಾಗ? ಹನ್ನೆರಡು ತಿಂಗಳು ಬೆಳೆಸಬೇಕು, ಕಟಾವಿಗೆ ಗ್ಯಾಂಗ್ ಹುಡುಕಬೇಕು, ಕಾರ್ಖಾನೆಯ ಪಾಳಿ ಕಾಯಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುತ್ತದೆ, ಅಷ್ಟೆ! ದರಕ್ಕಾಗಿ 2025ರ ನವೆಂಬರಿನಲ್ಲಿ ಮೂಡಲಗಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ರಸ್ತೆಯಲ್ಲೇ ಕುಳಿತದ್ದು ಎಲ್ಲರಿಗೂ ನೆನಪಿದೆ. ಕೇಳಿದ್ದು ಟನ್ನಿಗೆ 3500 ರೂಪಾಯಿ, ತೀರ್ಮಾನವಾದದ್ದು 3300ಕ್ಕೆ.

ಆ ದಿನಗಳಲ್ಲೂ ಒಲೆ ಉರಿಯಬೇಕಲ್ಲ? ಕಬ್ಬಿನ ಬಿಲ್ಲು ಗಂಡಸರ ಬ್ಯಾಂಕಿನ ಪಾಸಬುಕ್ಕಿಗೆ ಬರುತ್ತದೆ. ಬಂದಷ್ಟೇ ಬೇಗ ಸೊಸೈಟಿಯ ಸಾಲಕ್ಕೆ ಹೋಗುತ್ತದೆ. ಬದುವಿನ ಮೇಲಿನ ನಾಲ್ಕು ಸಾಲು ಮೆಂತ್ಯೆ, ಪುಂಡಿ, ಕೊತ್ತಂಬರಿಯ ರೊಕ್ಕ ಹಾಗಲ್ಲ. ಅದು ಹೆಣ್ಣುಮಗಳ ಸೆರಗಿನ ಗಂಟಿಗೆ ಬರುತ್ತದೆ, ವಾರವಾರ ಬರುತ್ತದೆ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ.

ಈಗ ಕಡ್ಲಿಪಲ್ಲೆಯ ಮಾತಿಗೆ ಬರೋಣ. ಹಿಂಗಾರಿಯಲ್ಲಿ ಬಿತ್ತಿದ ಕಡಲೆ ತಿಂಗಳೊಪ್ಪತ್ತಿಗೆ ಗೇಣುದ್ದ ಬರುತ್ತದೆ. ಆಗ ಕುಡಿ ಚಿವುಟಬೇಕು. ಚಿವುಟಿದರೆ ಗಿಡ ಟಿಸಿಲೊಡೆದು ಹರಡುತ್ತದೆ, ಕಾಯಿ ಹೆಚ್ಚು ಹಿಡಿಯುತ್ತದೆ. ಕೃಷಿ ಪಂಡಿತರೂ ಇದನ್ನೇ ಹೇಳುತ್ತಾರೆ, ಅಜ್ಜಿಯರು ಪುಸ್ತಕ ಓದದೆಯೇ ಮಾಡುತ್ತಿದ್ದರು. ಚಿವುಟಿದ ಕುಡಿಯೇ ಪಲ್ಲೆ. ಹೊಲಕ್ಕೂ ಲಾಭ, ಗಡಿಗೆಗೂ ಲಾಭ. ಕಡಲೆ ಗಿಡದ ಎಲೆಯ ಮೇಲೆ ತಾನಾಗಿ ಹುಳಿ ಒಸರುತ್ತದೆ, ಪಲ್ಲೆಗೆ ರುಚಿ ಬರುವುದು ಅದರಿಂದಲೇ. ತೊಳೆದರೆ ಹುಳಿ ಹೋಗುತ್ತದೆಂದು ಹಿಂದೆ ತೊಳೆಯದೆಯೇ ಒಲೆಗೆ ಏರಿಸುತ್ತಿದ್ದರು. ಈಗ ಹಾಗೆ ಮಾಡಲಾಗದು. ಕಾಯಿಕೊರಕ ಹುಳದ ಔಷಧ ಹೊಡೆಯದ ಹೊಲ ಅಪರೂಪ. "ಎಣ್ಣಿ ಹೊಡದದ್ದೇನಬೇ?" ಎಂದು ಕೇಳಿಯೇ ಕೊಳ್ಳಬೇಕು. ಕಾಯಿ ಕಟ್ಟುವ ಮೊದಲಿನ ಎಳೆಯ ಕುಡಿಯಾದರೆ ಹೆದರಿಕೆ ಕಡಿಮೆ. ಆದರೂ ಎರಡು ನೀರಿನಲ್ಲಿ ತೊಳೆಯುವುದೇ ಒಳ್ಳೆಯದು, ಹುಳಿ ಕಡಿಮೆಯಾದರೆ ಒಂದಿಷ್ಟು ಹುಣಸೆಹಣ್ಣು ಇದ್ದೇ ಇದೆ.

ಮಾಡುವುದೂ ಸುಲಭ. ಪಲ್ಲೆ ಸಣ್ಣಗೆ ಹೆಚ್ಚಿ, ಒಂದು ಹಿಡಿ ಜೋಳದ ನುಚ್ಚು ಹಾಕಿ ಬೇಯಿಸಬೇಕು. ಕುದಿಯುವಾಗಲೇ ಹಸಿಮೆಣಸಿನಕಾಯಿ ಜಜ್ಜಿ ಹಾಕಿ, ಬೆಂದ ಮೇಲೆ ಕಡಗೋಲಿನಿಂದ ಕಡೆಯಬೇಕು. ಕೊನೆಗೆ ಬೆಳ್ಳುಳ್ಳಿಯ ಒಗ್ಗರಣೆ, ಎಣ್ಣೆಯಲ್ಲಿ ಕಂಜೂಸಿ ಮಾಡಬಾರದು. ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಗುರೆಳ್ಳ ಹಿಂಡಿ ಇದ್ದರೆ ಊಟಕ್ಕೆ ಮತ್ತೇನು ಬೇಕು? ಪುಂಡಿಪಲ್ಲೆಗೂ ಇದೇ ರೀತಿ, ಅದಕ್ಕೆ ನುಚ್ಚಿನ ಜೊತೆ ತೊಗರಿಬೇಳೆಯೂ ಒಗ್ಗುತ್ತದೆ. ಪುಂಡಿ ಸ್ವತಃ ಹುಳಿ, ಹುಣಸೆಹಣ್ಣಿನ ಕೆಲಸವೇ ಇಲ್ಲ.

ಆದರೆ ಕಡ್ಲಿಪಲ್ಲೆ ಸಿಗಬೇಕಲ್ಲ! ನೀರಾವರಿ ಊರುಗಳಲ್ಲಿ ಕಡಲೆ ಬಿತ್ತುವವರೇ ಕಡಿಮೆ. ಮೇಲಿನ ಮಡ್ಡಿ, ಮಳೆಯಾಶ್ರಿತ ಎರೆ ಹೊಲದವರು ತಂದರೆ ಉಂಟು. ಹತ್ತರಕಿ ಪಲ್ಲೆಯ ಗತಿ ಇನ್ನೂ ಕಷ್ಟ. ಅದನ್ನು ಯಾರೂ ಬಿತ್ತುವುದಿಲ್ಲ, ಹಿಂಗಾರಿ ಹೊಲದಲ್ಲಿ ತಾನೇ ಹುಟ್ಟುತ್ತದೆ. ವರ್ಷವಿಡೀ ಕಬ್ಬು ನಿಂತ ಹೊಲದಲ್ಲಿ ಅದಕ್ಕೆ ಜಾಗವೆಲ್ಲಿ? ಅಳಿದುಳಿದದ್ದನ್ನು ಕಳೆನಾಶಕ ಸುಡುತ್ತದೆ. ಕಬ್ಬಿಗೆ ಹೊಡೆಯುವ ಆ ಔಷಧಕ್ಕೆ ಅಗಲ ಎಲೆಯದೆಲ್ಲ ಕಳೆಯೇ. ಅಡುಗೆಮನೆಯ ಪಲ್ಲೆ ಯಾವುದು, ಕಸ ಯಾವುದು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಹಿಂದೆ ಕಳೆ ಕೀಳಲು ಹೋದ ಹೆಣ್ಣಾಳು ಸಂಜೆ ಉಡಿ ತುಂಬ ಪಲ್ಲೆ ತರುತ್ತಿದ್ದಳು. ಕೂಲಿಯ ಜೊತೆ ಪಲ್ಲೆ ಪುಕಟೆ. ಈಗ ಕೂಲಿಯೂ ಹೋಯಿತು, ಪಲ್ಲೆಯೂ ಹೋಯಿತು.

ತುಕ್ಕಾನಟ್ಟಿಯಲ್ಲೇ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಬೀಜ, ಮಣ್ಣಿನ ಪರೀಕ್ಷೆ, ಕೈತೋಟ ಎಂದು ಸುತ್ತಲಿನ ರೈತರು ಅಲ್ಲಿಗೆ ಹೋಗಿ ಬರುವುದುಂಟು. ಕಬ್ಬಿನ ಎರಡು ಸಾಲಿನ ನಡುವೆ ಮೊದಲ ಮೂರು ತಿಂಗಳು ಬಿಸಿಲು ಬೀಳುತ್ತದೆ. ಆ ಜಾಗದಲ್ಲಿ ಕೊತ್ತಂಬರಿ, ಮೆಂತ್ಯೆ, ಉಳ್ಳಾಗಡ್ಡಿ ಎಬ್ಬಿಸಿಕೊಳ್ಳುವ ಜಾಣರೂ ಇದ್ದಾರೆ. ಮೆಂತ್ಯೆಯಂತೂ ತಿಂಗಳಲ್ಲೇ ಕೈಗೆ ಬರುತ್ತದೆ. ಒಂದೇ ಷರತ್ತು, ಕಳೆನಾಶಕದ ಡಬ್ಬಿ ಮುಟ್ಟಬಾರದು.

ಇನ್ನು ಗಿರಾಕಿಗಳ ಕಡೆಗೂ ಒಂದು ಮಾತು. ಕಾಲ ನೋಡಿ ಕೊಳ್ಳದವನ ಕಿಸೆಗೆ ಕತ್ತರಿ ಬೀಳುವುದು ಖಾತ್ರಿ. 2023ರ ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು. ಊರೆಲ್ಲ ಬೊಬ್ಬೆ. ಮುಂದೆ ಎರಡೇ ತಿಂಗಳಲ್ಲಿ ಕೇಳುವವರಿಲ್ಲದೆ ಬಿತ್ತು. ಹಾಗೆ ಏರಿದಾಗ ಹುಣಸೆಹಣ್ಣು, ಮಾವಿನಕಾಯಿಯ ಹುಳಿ, ಪುಂಡಿ ಏನು ತಪ್ಪು ಮಾಡಿವೆ? ಈ ಸೀಮೆಯ ಸಾರಿಗೆ ಟೊಮ್ಯಾಟೊ ಬಂದದ್ದೇ ಈಚೆಗೆ. ಮಳೆಗಾಲದಲ್ಲಿ ಹೀರಿಕಾಯಿ, ಚವಳಿಕಾಯಿ, ಕಿರಕಸಾಲಿ. ಚಳಿಗಾಲದಲ್ಲಿ ಎಳೆ ಬದನಿಕಾಯಿ, ಅವರಿಕಾಯಿ, ಗಜ್ಜರಿ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ ಇಲ್ಲದಿದ್ದರೆ ಹಬ್ಬವೇ ಅಲ್ಲ. ಆ ಹೊತ್ತಿಗೆ ಸರಿಯಾಗಿ ಬದನಿಕಾಯಿಯೂ ಸೋವಿ. ಹಿರಿಯರು ಲೆಕ್ಕ ಬಲ್ಲವರು.

ಚೌಕಾಸಿ ಬೇಕು, ಬೇಡವೆನ್ನುವವರಾರು? ಮುಂಜಾನೆ ದರ ಬಿಗಿ, ಮಾಲು ತಾಜಾ. ಸಂಜೆ ದರ ಸಡಿಲು, ಪಲ್ಲೆ ಬಾಡಿರುತ್ತದೆ. ಪಾವಕಿಲೋ ತೂಗುವ ವ್ಯಾಪಾರಿಯ ತಕ್ಕಡಿಯನ್ನು ಕಣ್ಣಿಟ್ಟು ನೋಡುವುದು ಗಿರಾಕಿಯ ಹಕ್ಕು. ಆದರೆ ಐದು ಸಿವುಡು ಪಲ್ಲೆ ಮುಂದಿಟ್ಟು ಕುಳಿತ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಹಟ ಹಿಡಿದು, ಪಕ್ಕದ ಹೋಟೆಲಿನಲ್ಲಿ ಬಾಯಿ ಮುಚ್ಚಿಕೊಂಡು ಚಹಾಕ್ಕೆ ಕೇಳಿದಷ್ಟು ಕೊಡುವವರೂ ಇದ್ದಾರೆ. ಅವಳಿಗೆ ಕೊನೆಯ ಬಸ್ಸು ಹಿಡಿಯುವ ಅವಸರ ಇರುತ್ತದೆಂದು ಅವರಿಗೆ ಗೊತ್ತು. ಉಳಿದ ಪಲ್ಲೆಯನ್ನು ಅವಳು ಮರಳಿ ಒಯ್ಯುವುದಿಲ್ಲ, ಸಿಕ್ಕಷ್ಟಕ್ಕೆ ಸುರಿದು ಹೋಗುತ್ತಾಳೆ. ಸಂತೆಯಲ್ಲಿ ನೆರಳಿನ ಕಟ್ಟೆ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಎಂದು ಎಷ್ಟು ಸಲ ಬರೆಸಿಕೊಂಡರೂ ಜಾಗದ ಕರ ವಸೂಲಿ ಮಾತ್ರ ಒಂದು ವಾರವೂ ತಪ್ಪುವುದಿಲ್ಲ.

ಚಳಿ ಮುಗಿಯುವ ಮುನ್ನ ಸಂತೆಗೆ ಹೋಗುವವರು ಹಸಿ ಕೆಂಪು ಮೆಣಸಿನಕಾಯಿ ಬಂದಿದೆಯೇ ನೋಡಬೇಕು. ತೊಟ್ಟು ತೆಗೆದು ಒರೆಸಿ, ಉಪ್ಪು, ಹುರಿದ ಮೆಂತ್ಯೆಕಾಳು, ಇಂಗು, ಲಿಂಬೆರಸ ಹಾಕಿ ರುಬ್ಬಿ ಭರಣಿಗೆ ತುಂಬಿದರೆ ರಂಜಕ. ಕಡ್ಲಿಪಲ್ಲೆ ಹೆಚ್ಚು ಸಿಕ್ಕರೆ ಅದನ್ನೂ ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಬಹುದು. ಏಪ್ರಿಲ್-ಮೇ ಬಿಸಿಲಿಗೆ ಸಂತೆಯಲ್ಲಿ ಪಲ್ಲೆ ಒಣಗಿ ದರ ಏರಿದಾಗ ಒಂದು ಹಿಡಿ ಸಾಕು, ನಾಲ್ಕು ಮಂದಿಯ ಊಟ ಆಗುತ್ತದೆ.