ಅಕ್ಷರ ಬೊಮ್ಮವಾದ ಕಾಲ

ನಮ್ಮ ರಾಯದುರ್ಗ ಸೀಮೆಯಲ್ಲಿ 'ಬೊಮ್ಮ' ಅನ್ನುವ ಮಾತಿಗೆ ಎರಡು ಅರ್ಥ. ಕನ್ನಡದ ಕಿವಿಗೆ ಅದು ಮಕ್ಕಳಾಡುವ ಬೊಂಬೆ. ತೆಲುಗಿನ ಕಿವಿಗೆ ಬೊಂಬೆಯೂ ಹೌದು, ಚಿತ್ರವೂ ಹೌದು. ಈ ಎರಡು ಅರ್ಥದ ನಡುವೆ ಸಿಕ್ಕಿ ನನ್ನ ಕವಿತೆಯೊಂದು ತನ್ನ ಕೊನೆಯ ಎರಡು ಸಾಲು ಕಳೆದುಕೊಂಡಿತು. ಆ ಕಥೆ ಹೇಳಬೇಕಾದರೆ ಕಂಪ್ಯೂಟರಿನ ತೆರೆಯ ಮೇಲಿನ ಚಿತ್ರವನ್ನು ಹಿಡಿಯುವ ವಿದ್ಯೆಯ ಕಥೆಯನ್ನೂ ಹೇಳಬೇಕು.

1996ರ ಯುಗಾದಿ ಹತ್ತಿರವಿತ್ತು. ಗೆಳೆಯರು ಸೇರಿ ಕವಿಗೋಷ್ಠಿಗೊಂದು ಸ್ಮರಣ ಸಂಚಿಕೆ ತರಬೇಕೆಂದುಕೊಂಡೆವು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅದೇ ಕವಿತೆ ತೆಲುಗಿನಲ್ಲಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ ಮೈಸೂರಿಗೆ ಹೋದ ಮೇಲೆ ನಮ್ಮದು ಹೀಗೇ ನಡೆದಿದೆ: ಕಚೇರಿ ಕೆಲಸಕ್ಕೆ ಅನಂತಪುರ, ಕನ್ನಡದ ಕೆಲಸಕ್ಕೆ ಬಳ್ಳಾರಿ. ಅಚ್ಚು ಅನಂತಪುರದಲ್ಲಿ ಅಂತ ಗೊತ್ತಾಯಿತು. ಅಲ್ಲಿಯ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆಲುಗು ಅಕ್ಷರ ಮಾತ್ರ ಇತ್ತು. ಕನ್ನಡ ಟೈಪು ಮಾಡಿಸಲು ಬಳ್ಳಾರಿಯ ಒಂದು ಡಿಟಿಪಿ ಅಂಗಡಿಗೆ ಹೋದೆ.

ಅಲ್ಲಿದ್ದ ಹುಡುಗ ಟೈಪು ಮಾಡಿ ಮುಗಿಸಿ, "ಅಣ್ಣಾ, ನಮ್ಮ ಫಾಂಟು ಅವರ ಹತ್ರ ಇರಲ್ಲ. ಹಂಗೇ ಫೈಲು ಕಳಿಸಿದ್ರೆ ಅಲ್ಲಿ ಗೀಚು ಗೀಚಾಗಿ ಕಾಣ್ತೈತೆ. ಬೊಮ್ಮ ಮಾಡಿ ಕೊಟ್ಟುಬಿಡ್ತೀನಿ" ಅಂದ. ಕೀಲಿಮಣೆಯ ಬಲ ಮೂಲೆಯ ಒಂದು ಗುಂಡಿ ಒತ್ತಿದ. ತೆರೆಯ ಮೇಲೆ ಏನೂ ಆಗಲಿಲ್ಲ. "ಆಯ್ತಣ್ಣ" ಅಂದ. ನನಗೆ ಆಶ್ಚರ್ಯ.

ತೆರೆಯಿಂದ ಕಾಗದಕ್ಕೆ

ಆ ಗುಂಡಿಗೆ ಪ್ರಿಂಟ್ ಸ್ಕ್ರೀನ್ ಎಂದು ಹೆಸರು. 1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿ ಅಮೆರಿಕದಲ್ಲಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ಬಿಟ್ಟಾಗಲೇ ಅದರ ಕೀಲಿಮಣೆಯಲ್ಲಿ ಈ ಗುಂಡಿ ಇತ್ತು. ಆಗ ಅದರ ಕೆಲಸ ಹೆಸರಿಗೆ ತಕ್ಕಂತೆಯೇ: ಶಿಫ್ಟ್ ಜೊತೆ ಒತ್ತಿದರೆ ತೆರೆಯ ಮೇಲಿನ ಬರಹ ನೇರ ಪ್ರಿಂಟರಿಗೆ ಹೋಗುತ್ತಿತ್ತು. ಬರಹ ಮಾತ್ರ, ಚಿತ್ರವಲ್ಲ. ಚಿತ್ರ ಅಚ್ಚಾಗಬೇಕಾದರೆ ಡಾಸ್‌ನ ಜೊತೆ ಬರುತ್ತಿದ್ದ ಗ್ರಾಫಿಕ್ಸ್ ಎಂಬ ಸಣ್ಣ ಪ್ರೋಗ್ರಾಮನ್ನು ಮೊದಲೇ ಓಡಿಸಿಟ್ಟಿರಬೇಕಿತ್ತು.

ತೆರೆಯ ಮೇಲಿನ ಚಿತ್ರ ಅಂದರೆ ಕಂಪ್ಯೂಟರಿನ ನೆನಪಿನಲ್ಲಿರುವ ಅಂಕಿಗಳ ಸಾಲು. ಅಂದಿನ ಸಿಜಿಎ ಎಂಬ ಬಣ್ಣದ ತೆರೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 200, ಒಟ್ಟು 64,000 ಚುಕ್ಕಿ. ನಾಲ್ಕೇ ಬಣ್ಣ. ಹಾಗಾಗಿ ಒಂದು ಬೈಟಿನಲ್ಲಿ ನಾಲ್ಕು ಚುಕ್ಕಿ ಹಿಡಿಸಿ, ಇಡೀ ತೆರೆಗೆ 16,000 ಬೈಟು ಸಾಕು. ಆದರೆ ಅವನ್ನು ಜೋಡಿಸಿದ ರೀತಿ ನಮ್ಮ ಅಕ್ಕಡಿ ಸಾಲಿನಂತೆ. ಸಮಸಂಖ್ಯೆಯ ಗೆರೆಗಳೆಲ್ಲ ಮೊದಲು ಒಂದು ಕಡೆ, ಬೆಸಸಂಖ್ಯೆಯವು ಆಮೇಲೆ ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ಓದಿದರೆ ಚಿತ್ರ ಮೇಲರ್ಧ ಒಂದು, ಕೆಳಗರ್ಧ ಒಂದು ಎಂಬಂತೆ ಒಡೆದು ಕಾಣುತ್ತದೆ.

ಬೇಸಿಕ್ ಭಾಷೆ ಬಲ್ಲವರು ಬಿಸೇವ್ ಎಂಬ ಒಂದೇ ಆಜ್ಞೆಯಿಂದ ಆ ನೆನಪಿನ ತುಂಡನ್ನು ಇದ್ದಂತೆಯೇ ಫ್ಲಾಪಿಗೆ ಇಳಿಸುತ್ತಿದ್ದರು. ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಂ 1982ರಲ್ಲಿ ಬಂತು. ಅದರ ತೆರೆ 6,912 ಬೈಟು. ಅದನ್ನು ನಾವು ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಕೀಚು ಕೀಚು ಶಬ್ದವಾಗಿ ತುಂಬಿಡುತ್ತಿದ್ದರು. 1984ರ ಮ್ಯಾಕಿಂತೋಷ್ ಇನ್ನೂ ಸಲೀಸು. ಮೂರು ಗುಂಡಿ ಕೂಡಿಸಿ ಒತ್ತಿದರೆ 512ಕ್ಕೆ 342 ಚುಕ್ಕಿಯ ಕಪ್ಪು ಬಿಳುಪಿನ ತೆರೆ ಮ್ಯಾಕ್‌ಪೇಂಟ್ ಚಿತ್ರವಾಗಿ ಡಿಸ್ಕಿಗೆ ಬೀಳುತ್ತಿತ್ತು.

ಡಾಸ್‌ನಲ್ಲಿ ಒಂದು ತಾಪತ್ರಯ. ಅದು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಸುವ ಯಂತ್ರ. ಚಿತ್ರ ತೋರಿಸುವ ಪ್ರೋಗ್ರಾಂ ನಡೆಯುವಾಗ ಹಿಡಿಯುವ ಪ್ರೋಗ್ರಾಂ ಎಲ್ಲಿರಬೇಕು? ಅದಕ್ಕೆ ಕಂಡುಕೊಂಡ ಉಪಾಯ ಹೊಲದ ಕಾವಲುಗಾರನಂಥದು. ಸಣ್ಣ ಪ್ರೋಗ್ರಾಂ ಮೊದಲೇ ನೆನಪಿನ ಮೂಲೆಯಲ್ಲಿ ಕೂತು ಸುಮ್ಮನಿರುತ್ತದೆ. ಗೊತ್ತುಮಾಡಿದ ಗುಂಡಿ ಒತ್ತಿದ ಕೂಡಲೇ ಎದ್ದು ತೆರೆಯನ್ನು ಫೈಲಿಗೆ ನಕಲು ಮಾಡಿ ಮತ್ತೆ ಕೂರುತ್ತದೆ. ಝೆಡ್‌ಸಾಫ್ಟ್ ಕಂಪನಿಯ ಪಿಸಿ ಪೇಂಟ್‌ಬ್ರಷ್ ಜೊತೆ ಬರುತ್ತಿದ್ದ ಫ್ರೀಜ್ ಅಂಥ ಒಂದು ಕಾವಲುಗಾರ.

ಒಂದರ ಚಿತ್ರ ಇನ್ನೊಂದಕ್ಕೆ

ಹಿಡಿಯುವುದಕ್ಕಿಂತ ಮಾರ್ಪಡಿಸುವುದು ಕಷ್ಟವಾಗಿತ್ತು. ಒಂದೊಂದು ಕಂಪನಿಯದು ಒಂದೊಂದು ಕಟ್ಟು. ಪೇಂಟ್‌ಬ್ರಷ್‌ನ ಪಿಸಿಎಕ್ಸ್, ಮ್ಯಾಕ್‌ನ ಮ್ಯಾಕ್‌ಪೇಂಟ್, ವಿಂಡೋಸಿನ ಬಿಎಂಪಿ. ಪಿಸಿಎಕ್ಸ್‌ನ ಲೆಕ್ಕ ಸುಲಭ: ಒಂದೇ ಬಣ್ಣದ ತುಣುಕು ಸಾಲಾಗಿ ಬಂದರೆ 'ಇಷ್ಟು ಸಲ, ಈ ಬಣ್ಣ' ಎಂದು ಬರೆದಿಡುವುದು, ಚೀಲ ಎಣಿಸಿ ಚೀಟಿ ಬರೆದಂತೆ. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಸಂಸ್ಥೆ ಯಾವ ಯಂತ್ರವಾದರೂ ಓದಲಿ ಎಂದು ಜಿಫ್ ತಂದಿತು. 256 ಬಣ್ಣ, ಗಾತ್ರ ಕಡಿಮೆ. ಅದರಲ್ಲಿ ಬಳಸಿದ ಕುಗ್ಗಿಸುವ ಲೆಕ್ಕಕ್ಕೆ ಯೂನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಡಿಸೆಂಬರಿನಲ್ಲಿ ತಂತ್ರಾಂಶ ಮಾಡುವವರು ಶುಲ್ಕ ಕೊಡಬೇಕೆಂಬ ಮಾತು ಎದ್ದಾಗ ಗಲಾಟೆಯಾಗಿ, ಯಾರ ಹಂಗೂ ಇಲ್ಲದ ಪಿಎನ್‌ಜಿ 1996ರಲ್ಲಿ ಹುಟ್ಟಿತು. ಅಮೆರಿಕದಲ್ಲಿ ಆ ಪೇಟೆಂಟಿನ ಅವಧಿ 2003ರ ಜೂನಿನಲ್ಲಿ ಮುಗಿಯಿತು.

ಕಟ್ಟು ಬದಲಾಯಿಸಿದರೂ ಸೊಟ್ಟ ಹೋಗುತ್ತಿರಲಿಲ್ಲ. ಸಿಜಿಎ ಚುಕ್ಕಿ ಅಗಲಕ್ಕಿಂತ ಎತ್ತರ. ಅದೇ ಚಿತ್ರವನ್ನು ಚೌಕ ಚುಕ್ಕಿಯ ತೆರೆಗೆ ತಂದರೆ ಗುಂಡನೆ ಚಂದ್ರ ಅದುಮಿದ ಮುದ್ದೆಯಾಗುತ್ತಿದ್ದ. ಸರಿಮಾಡಲು 200 ಗೆರೆಯನ್ನು 240ಕ್ಕೆ ಹಿಗ್ಗಿಸಬೇಕು. ಬಣ್ಣದ ಚಿತ್ರ ಕಪ್ಪು ಬಿಳುಪಿಗೆ ಇಳಿಸುವಾಗ ಬೂದು ಬಣ್ಣದ ಬದಲು ರಂಗೋಲಿಯಂತೆ ಚುಕ್ಕಿ ಚೆಲ್ಲಬೇಕು. ಮನುಷ್ಯನ ಮುಖಕ್ಕೆ ಅದು ಚೆನ್ನ, ಅಕ್ಷರಕ್ಕೆ ಅಲ್ಲ.

ನಮ್ಮ ಅಕ್ಷರದ ಪಾಡು

ಇಂಗ್ಲಿಷಿನ ಅಕ್ಷರ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಕೋಣೆಯಲ್ಲಿ ಹಿಡಿಯುತ್ತದೆ. ಕನ್ನಡ, ತೆಲುಗು ಹಿಡಿಯುವುದಿಲ್ಲ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ. ಪುಣೆಯ ಸಿ-ಡ್ಯಾಕ್ ತಂದ ಜಿಸ್ಟ್ ಕಾರ್ಡು ಡಾಸ್ ಯಂತ್ರದಲ್ಲಿ ನಮ್ಮ ಲಿಪಿ ಮೂಡಿಸಿತು. ಆ ಕಾರ್ಡಿಲ್ಲದ ಯಂತ್ರದಲ್ಲಿ ಅದೇ ಫೈಲು ತೆರೆದರೆ ಬರೀ ಗೀಟು, ಡಬ್ಬಿ, ಯುರೋಪಿನ ಅಕ್ಷರ. ವಿಂಡೋಸ್ ಬಂದ ಮೇಲೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೊಂದದು. ಹಾಗಾಗಿ ಬಳ್ಳಾರಿಯ ಕನ್ನಡ ಅನಂತಪುರಕ್ಕೆ ಹೋಗಬೇಕಾದರೆ ಬೊಮ್ಮವಾಗದೆ ಗತಿ ಇರಲಿಲ್ಲ.

ಅದಕ್ಕೂ ಒಂದು ಲೆಕ್ಕವಿದೆ. 640ಕ್ಕೆ 480 ಚುಕ್ಕಿಯ, 16 ಬಣ್ಣದ ತೆರೆ 1,53,600 ಬೈಟು. 1.44 ಎಂಬಿ ಫ್ಲಾಪಿಯಲ್ಲಿ ಅಂಥವು ಒಂಬತ್ತು ಹಿಡಿಯುತ್ತವೆ. ಬರೀ ಕಪ್ಪು ಬಿಳುಪಾದರೆ 38,400 ಬೈಟು, 37 ಪುಟ ಹಿಡಿಯುತ್ತದೆ. ಆದರೆ ಆ 640 ಚುಕ್ಕಿಯನ್ನು ಪುಸ್ತಕದ ಆರು ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ಸುಮಾರು 107 ಚುಕ್ಕಿ ಬಂತು. ಲೇಸರ್ ಪ್ರಿಂಟರಿನದು 300. ಅದಕ್ಕೇ ಆ ಕಾಲದ ಎಷ್ಟೋ ಕರಪತ್ರಗಳಲ್ಲಿ ನಮ್ಮ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

ಕಳೆದ ಎರಡು ಸಾಲು

ವಿಂಡೋಸ್ 3.1ರಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ತೆರೆಯ ನಕಲು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಜಾಗಕ್ಕೆ ಹೋಗುತ್ತಿತ್ತು. ಅಲ್ಲಿಂದ ಪೇಂಟ್‌ಬ್ರಷ್‌ಗೆ ಅಂಟಿಸಿ ಫೈಲು ಮಾಡಬೇಕು. ಇಲ್ಲೊಂದು ಗುಂಡಿ ತೋಡಿತ್ತು. ಕಿಟಕಿಯಲ್ಲಿ ಕಾಣುವಷ್ಟು ಭಾಗ ಮಾತ್ರ ಅಂಟುತ್ತಿತ್ತು, ಉಳಿದದ್ದು ಕತ್ತರಿಸಿ ಹೋಗುತ್ತಿತ್ತು. ಬಲ್ಲವರು ಮೊದಲು ಚಿತ್ರವನ್ನು ಜೂಮ್ ಔಟ್ ಮಾಡಿಕೊಂಡು ಆಮೇಲೆ ಅಂಟಿಸುತ್ತಿದ್ದರು. ನಮ್ಮ ಹುಡುಗನಿಗೆ ಅವಸರ, ನನಗೆ ಬಸ್ಸಿನ ಚಿಂತೆ.

ಫ್ಲಾಪಿ ಅನಂತಪುರಕ್ಕೆ ಹೋಯಿತು. ಪ್ರೆಸ್ಸಿನವರು ಅದನ್ನು ತಮ್ಮ ಪುಟಕ್ಕೆ ಹೊಂದಿಸಿ ಅಚ್ಚು ಹಾಕಿದರು. ಅವರಿಗೆ ಅದು ಬೊಮ್ಮ. ಬೊಮ್ಮದ ಕೆಳಗೆ ಬಿಳಿ ಜಾಗ ಇತ್ತು, ಯಾರಿಗೂ ಅನುಮಾನ ಬರಲಿಲ್ಲ. ಗೋಷ್ಠಿಯ ದಿನ ಸಂಚಿಕೆ ಕೈಗೆ ಬಂದಾಗ ನೋಡಿದರೆ ಕನ್ನಡ ಕವಿತೆ ನಡುದಾರಿಯಲ್ಲಿ ನಿಂತಿದೆ. ಎದುರಿನ ತೆಲುಗು ಪುಟ ಮಾತ್ರ ಊರು ಸೇರಿದೆ.

ನನ್ನ ಕೈಬರಹದ ಹಾಳೆ ಅಂಗಡಿಯಲ್ಲೇ ಉಳಿದಿತ್ತು. ಮುಂದಿನ ವಾರ ಕೇಳಲು ಹೋದಾಗ, "ಹಳೇ ಹಾಳೆ ಎಲ್ಲ ತೂಕಕ್ಕೆ ಹಾಕಿಬಿಟ್ವಿ ಅಣ್ಣ" ಅಂದ. ಅವನ ಮುಖ ಸಣ್ಣದಾಯಿತು. ಬೈಯಲು ನನಗೆ ಮನಸ್ಸಾಗಲಿಲ್ಲ. ಕಂಪ್ಯೂಟರಿನಲ್ಲಿಯೂ ಆ ಫೈಲನ್ನು ಅಳಿಸಿದ್ದರು. ತೆಲುಗಿನ ಕೊನೆಯ ಎರಡು ಸಾಲನ್ನು ಹಿಡಿದು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದೆ. ಅರ್ಥ ಬಂತು, ನಡಿಗೆ ಬರಲಿಲ್ಲ. ಎರಡೂ ನನ್ನವೇ ಭಾಷೆ, ಆದರೂ ಬರಲಿಲ್ಲ. ಹಾಗೇ ಬಿಟ್ಟೆ.

ಪಕ್ಕದ ಮನೆ

ಆಮೇಲೆ ತಿಳಿದ ಸಂಗತಿ ಒಂದಿದೆ. 1991ರ ಇಸ್ಕಿ ಎಂಬ ಭಾರತೀಯ ಪ್ರಮಾಣದಲ್ಲಿ ಕನ್ನಡದ ಕ, ತೆಲುಗಿನ ಕ ಎರಡಕ್ಕೂ ಒಂದೇ ಅಂಕಿ. ಲಿಪಿ ಬದಲಾಯಿಸಿದರೆ ಸಾಕು, ಅದೇ ಬರಹ ಇನ್ನೊಂದು ಲಿಪಿಯಲ್ಲಿ ಕಾಣುತ್ತದೆ. ಅದೇ ವರ್ಷದ ಯೂನಿಕೋಡ್ ಎರಡಕ್ಕೂ ಬೇರೆ ಬೇರೆ ಮನೆ ಕೊಟ್ಟಿತು, ಆದರೆ ಅಕ್ಕಪಕ್ಕದಲ್ಲೇ. ತೆಲುಗಿನ ಕ 3093, ಕನ್ನಡದ ಕ 3221. ಯಾವ ಅಕ್ಷರ ತೆಗೆದುಕೊಂಡರೂ ಜೋಡಿಗೆ ನಡುವೆ 128ರ ಅಂತರ. ನಮ್ಮ ಗಡಿಯಲ್ಲೂ ಹಾಗೇ, ಒಂದೇ ಬೀದಿಯಲ್ಲಿ ಎರಡು ಮನೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಫಾಂಟು ಒಟ್ಟಿಗೆ ಬಂದವು. ಇದೆಲ್ಲ ನಮ್ಮ ಊರಿನ ಅಂಗಡಿಗೆ ಐದಾರು ವರ್ಷ ಮೊದಲೇ ತಲುಪಿದ್ದರೆ ನನ್ನ ಕವಿತೆ ಅಕ್ಷರವಾಗಿಯೇ ಅನಂತಪುರಕ್ಕೆ ಹೋಗುತ್ತಿತ್ತು.

ಈಗ ಎಲ್ಲರ ಕೈಯಲ್ಲೂ ಫೋನು. ಅಡಂಗಲ್ ತೆರೆಯ ಮೇಲೆ ಬಂದರೆ ಸ್ಕ್ರೀನ್‌ಶಾಟು, ಕವಿತೆ ಬಂದರೂ ಸ್ಕ್ರೀನ್‌ಶಾಟು. ನೋಡಲು ಚೆನ್ನ. ಆದರೆ ಬೊಮ್ಮದಲ್ಲಿ ತಪ್ಪು ತಿದ್ದಲಾಗದು, ಒಂದು ಪದ ಹುಡುಕಲಾಗದು. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ ಕನ್ನಡಕ್ಕೂ ಬಂದಿದೆ, ಒತ್ತಕ್ಷರದ ಹತ್ತಿರ ಎಡವುವುದು ಇದ್ದೇ ಇದೆ. ಬರೆಯುವ ಗಡಿನಾಡಿನ ಹುಡುಗರಿಗೆ ನನ್ನದು ಒಂದೇ ಮಾತು: ಬೊಮ್ಮ ಕಳಿಸ್ರಪ್ಪ, ಬೇಡ ಅನ್ನಲ್ಲ. ಅಕ್ಷರವನ್ನೂ ಒಂದು ಕಡೆ ಇಟ್ಟುಕೊಳ್ಳಿ. ಅಂಟಿಸಿದ ಮೇಲೆ ಕೊನೆಯ ಸಾಲು ಇದೆಯಾ ಅಂತ ಒಂದು ಸಲ ನೋಡಿ.

ಆ ಫ್ಲಾಪಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಕೆಲವು ವರ್ಷದ ಹಿಂದೆ ಅಕ್ಕನ ಮಗ ಅದನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಬಿಎಂಪಿ ಫೈಲು, ಒಂದು ಚುಕ್ಕಿಯೂ ಮಾಸಿರಲಿಲ್ಲ. ಕೆಳಗಿನ ಬಿಳಿ ಜಾಗವೂ ಹಾಗೇ ಇತ್ತು.