ಮಗು ತಾನೇ ಓಡಿಸುವ ಗಾಡಿ

ಹತ್ತು ತಿಂಗಳ ಕೂಸು ಅಂಬೆಗಾಲಿಡುತ್ತಾ ಹೋಗಿ ಬಿಂದಿಗೆ ಮುಟ್ಟುತ್ತದೆ, ಬೆಕ್ಕಿನ ಬಾಲ ಹಿಡಿಯುತ್ತದೆ. ಇದು ಬರಿಯ ಆಟವಲ್ಲ. ದೂರವೆಂದರೇನು, ಯಾವುದನ್ನು ಮಾಡಿದರೆ ಏನಾಗುತ್ತದೆ ಎಂಬ ಮೊದಲ ಪಾಠಗಳು ಮಗುವಿಗೆ ದೊರೆಯುವುದು ಹೀಗೆ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿಂದ ಕೈಕಾಲು ಹಿಡಿತದಲ್ಲಿಲ್ಲದ ಮಗುವನ್ನು ದೊಡ್ಡವರು ಎತ್ತಿಕೊಂಡು ಹೋಗುತ್ತಾರೆ. ಆದರೆ ಎಲ್ಲಿಗೆಂದು ನಿರ್ಧರಿಸುವುದು ಮಗುವಲ್ಲ. ಈ ಕೊರತೆಯನ್ನು ಒಂದು ಆಟಿಕೆ ನೀಗಬಲ್ಲುದೆ?

ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ಫಿಸಿಯೋಥೆರಪಿ ಪ್ರಾಧ್ಯಾಪಕರಾಗಿದ್ದ ಕೋಲ್ ಗ್ಯಾಲೊವೆ, ಎಂಜಿನಿಯರಿಂಗ್ ಪ್ರಾಧ್ಯಾಪಕ ಸುನಿಲ್ ಅಗ್ರವಾಲ್ ಅವರೊಡನೆ, ಎಳೆಯ ಮಕ್ಕಳು ಓಡಿಸಬಲ್ಲ ರೋಬಾಟ್ ಗಾಡಿಯನ್ನು ರೂಪಿಸಿದರು. ಅದು ದುಬಾರಿಯಾಗಿತ್ತು. ಆದ್ದರಿಂದ ಗ್ಯಾಲೊವೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಕಾರನ್ನೇ ಮಾರ್ಪಡಿಸತೊಡಗಿದರು. ಇದೇ ‘ಗೋ ಬೇಬಿ ಗೋ’ ಯೋಜನೆ. 2012ರಲ್ಲಿ ಈ ವಿಧಾನದ ತಾಂತ್ರಿಕ ವರದಿ ಪ್ರಕಟವಾಯಿತು.

ಇದರ ಹಿಂದಿನ ವಿಜ್ಞಾನ ನಿಮ್ಮ ಪಠ್ಯದಲ್ಲೇ ಇದೆ. ಆಟದ ಕಾರಿನಲ್ಲಿ 6 ಅಥವಾ 12 ವೋಲ್ಟಿನ ಬ್ಯಾಟರಿ, ಒಂದು ಮೋಟಾರು, ಕಾಲಿನಿಂದ ಒತ್ತುವ ಸ್ವಿಚ್ಚು ಇರುತ್ತವೆ. ಕಾಲಿನ ಸ್ವಿಚ್ಚಿನ ತಂತಿಗಳನ್ನು ಬಿಡಿಸಿ, ಸ್ಟಿಯರಿಂಗ್ ಮೇಲೆ ಅಗಲವಾದ ಒತ್ತುಗುಂಡಿಗೆ ಜೋಡಿಸಬೇಕು. ಅಂಗೈ, ಮೊಣಕೈ, ಗಲ್ಲ, ಯಾವುದರಿಂದಲಾದರೂ ಸರಿ, ಒತ್ತಿದರೆ ವಿದ್ಯುನ್ಮಂಡಲ ಪೂರ್ಣವಾಗಿ ಗಾಡಿ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೋಟಾರು ಹಲವು ಆಂಪಿಯರ್ ಎಳೆಯುವುದರಿಂದ ಸಣ್ಣ ಗುಂಡಿ ಬಿಸಿಯಾಗಬಹುದು. ಆಗ ರಿಲೇ ಬೇಕು: ಗುಂಡಿಯ ಅಲ್ಪ ವಿದ್ಯುತ್ತು ರಿಲೇಯ ಸುರುಳಿಗೆ, ಮೋಟಾರಿನ ಹೆಚ್ಚಿನ ವಿದ್ಯುತ್ತು ರಿಲೇಯ ಸಂಪರ್ಕಗಳ ಮೂಲಕ. ಫ್ಯೂಸನ್ನು ಮಾತ್ರ ಎಂದೂ ತೆಗೆಯಬಾರದು.

ಇನ್ನೊಂದು ಉಪಾಯ ಬಹಳ ಸೊಗಸಾದುದು. ಕೂರಬಲ್ಲ, ಆದರೆ ನಿಲ್ಲಲು ಅಭ್ಯಾಸ ಬೇಕಾದ ಮಗುವಿಗೆ ಸ್ವಿಚ್ಚನ್ನು ಸೀಟಿನಲ್ಲೇ ಇಡುತ್ತಾರೆ. ಫ್ರಿಜ್ಜಿನ ಬಾಗಿಲಿನ ಸ್ವಿಚ್ಚಿನಂತೆ ಅದು ಒತ್ತಿದಾಗ ಆರುವಂಥದು. ಮಗು ಕುಳಿತರೆ ಕಾರು ನಿಲ್ಲುತ್ತದೆ, ಎದ್ದು ನಿಂತರೆ ಓಡುತ್ತದೆ! ವ್ಯಾಯಾಮವೇ ಆಟವಾಯಿತು.

ಲಿಂಗಸುಗೂರಿನಂಥ ಊರಿನಲ್ಲಿ ಇದು ಸಾಧ್ಯವೆ? 12 ವೋಲ್ಟಿನ ಕಾರಿಗೆ ವಾಹನಗಳ ಹಾರನ್ ರಿಲೇ ಹೊಂದುತ್ತದೆ. ಅದು ಆಟೋ ಎಲೆಕ್ಟ್ರಿಷಿಯನ್ ಬಳಿ ಸಿಗುತ್ತದೆ. ಬೆನ್ನಿನ ಆಸರೆಗೆ ಪಿವಿಸಿ ಪೈಪಿನ ಚೌಕಟ್ಟು, ಫೋಮ್, ಅಗಲವಾದ ಬೆಲ್ಟು ಸಾಕು. ಬ್ಯಾಟರಿ ಕಾರು ಕೈಗೆಟುಕದಿದ್ದರೆ, ಕಾಲಿಗೆ ಸ್ವಲ್ಪವಾದರೂ ಬಲವಿರುವ ಮಗುವಿಗೆ ಮೂರು ಗಾಲಿಯ ಸೈಕಲ್ಲಿಗೇ ಬೆನ್ನೊರಗು ಕಟ್ಟಿ, ಪೆಡಲಿಗೆ ಪಾದ ಜಾರದಂತೆ ಪಟ್ಟಿ ಹಾಕಬಹುದು. ಮಳೆಗಾಲದ ಎರೆಮಣ್ಣಿನಲ್ಲಿ ಪ್ಲಾಸ್ಟಿಕ್ ಗಾಲಿ ಹೂತುಹೋಗುತ್ತದೆ. ಶಾಲೆಯ ಗಟ್ಟಿ ಅಂಗಳವೇ ಮೇಲು.

ಆದರೆ ಯಾವ ಮಗುವಿಗೆ ಯಾವ ಆಸರೆ ಎಂಬುದನ್ನು ಮೊದಲು ಫಿಸಿಯೋಥೆರಪಿಸ್ಟರೇ ಹೇಳಬೇಕು. ತಪ್ಪಾಗಿ ಕೂರಿಸಿದರೆ ಬೆನ್ನಿಗೆ ಅಪಾಯ. ದೊಡ್ಡವರೊಬ್ಬರು ಸದಾ ಪಕ್ಕದಲ್ಲಿರಬೇಕು. ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಕ್ಷೇತ್ರ ಸಂಪನ್ಮೂಲ ಕೇಂದ್ರದ ಶಿಕ್ಷಕರನ್ನೂ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಮುಂದಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಹುಡುಕುತ್ತಿರುವಿರಾ? ಈ ಬಾರಿ ಮೇಜಿನ ಮೇಲಿಡುವ ಮಾದರಿಯ ಬದಲು, ನಿಮ್ಮ ಓಣಿಯ ಮಗುವೊಂದು ಕುಳಿತು ಓಡಿಸುವ ಗಾಡಿಯನ್ನೇ ಮಾಡಿ ನೋಡಿ.