ಭಾರ ತುಂಬಿದಾಗ ಗಾಳಿ ಇಳಿಸುವುದು ಅಪಾಯ

ಬೇಸಿಗೆಯಲ್ಲಿ ಕಾರಿನ ತುಂಬ ಜನ, ಡಿಕ್ಕಿ ತುಂಬ ಸಾಮಾನು ಹೇರಿ ದೂರ ಹೊರಟರೆ ಟೈರಿನ ಗಾಳಿ ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಕಾವಿಗೆ ಸಿಡಿಯುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಇದು ನಿಜವೆಂದೇ ತೋರುತ್ತದೆ. ಇದರಲ್ಲಿ ಅರ್ಧ ಸತ್ಯವೂ ಇದೆ: ಕಾವೇರಿದರೆ ಗಾಳಿಯ ಒತ್ತಡ ಏರುತ್ತದೆ. ಆದರೆ ಎಷ್ಟು? 27 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರಿನ ಒಳಗಿನ ಗಾಳಿ 57 ಡಿಗ್ರಿಗೆ ಕಾದರೂ ಒತ್ತಡ ಸುಮಾರು 38ಕ್ಕೆ ಮುಟ್ಟುತ್ತದೆ, ಅಷ್ಟೇ. ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಕಂಪನಿಯವರು ತಣ್ಣನೆಯ ಟೈರಿನ ಒತ್ತಡ ಎಷ್ಟಿರಬೇಕೆಂದು ಗೊತ್ತುಮಾಡಿರುತ್ತಾರೆ. ಗಟ್ಟಿಮುಟ್ಟಾದ ಟೈರು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಒತ್ತಡ ತಾಳಬಲ್ಲದು.

ಟೈರನ್ನು ಕೆಡಿಸುವುದು ಹೊರಗಿನ ಬಿಸಿಲಿಗಿಂತ ಒಳಗೇ ಹುಟ್ಟುವ ಕಾವು. ಕಾರಿನ ಭಾರವನ್ನು ಹೊರುವುದು ಮುಖ್ಯವಾಗಿ ರಬ್ಬರಲ್ಲ, ಅದರೊಳಗಿನ ಒತ್ತಡದ ಗಾಳಿ. ಭಾರ ಹೆಚ್ಚಿ ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುವಂತೆ ಅದೂ ಕಾಯುತ್ತದೆ. ವೇಗ ಹೆಚ್ಚಿದಷ್ಟೂ ಮಡಚುವಿಕೆ ಬೇಗಬೇಗ ಆಗಿ, ಕೊನೆಗೆ ರಬ್ಬರಿಗೂ ಒಳಗಿನ ಉಕ್ಕಿನ ಎಳೆಗಳಿಗೂ ಇರುವ ಬೆಸುಗೆ ಬಿಡುತ್ತದೆ. ಅಮೆರಿಕದಲ್ಲಿ 2000ದಲ್ಲಿ ಫೈರ್‌ಸ್ಟೋನ್ ಕಂಪನಿ ಲಕ್ಷಾಂತರ ಟೈರುಗಳನ್ನು ಹಿಂಪಡೆದಾಗ ಚರ್ಚೆಯಾದದ್ದೂ ಇದೇ. ಟೈರಿನ ರಚನೆಯಲ್ಲೇ ದೋಷವಿತ್ತು, ನಿಜ. ಆದರೆ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಸೂಚಿಸಿದ್ದ 26 ಪಿಎಸ್‌ಐ ಕಡಿಮೆಯಾಯಿತೆಂಬ ಆಕ್ಷೇಪವೂ ಬಲವಾಗಿತ್ತು.

ಭಾರ ಬಿದ್ದರೆ ಒತ್ತಡ ತಾನಾಗಿಯೇ ಏರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಟೈರು ನೆಲಕ್ಕೆ ಇನ್ನಷ್ಟು ಅಗಲವಾಗಿ ಅಂಟಿಕೊಂಡು ಭಾರ ಹೊರುತ್ತದೆ, ಒಳಗಿನ ಒತ್ತಡ ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ. ಗಾಳಿ ಇಳಿಸಿದರೆ ಕುಲುಕಾಟ ತಗ್ಗುತ್ತದೆ ಎಂಬುದು ಸರಿ, ಆದರೆ ಗುಂಡಿಗೆ ಬಿದ್ದಾಗ ಪಕ್ಕೆ ರಿಮ್ಮಿಗೆ ಸಿಕ್ಕಿ ಹರಿಯುವ ಭಯವೂ ಅದರಿಂದಲೇ ಹೆಚ್ಚುತ್ತದೆ. ನೈಟ್ರೋಜನ್ ತುಂಬಿಸಿದವರಿಗೂ ವಿನಾಯಿತಿ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಕಾವಿಗೆ ಎರಡೂ ಒಂದೇ ರೀತಿ ಹಿಗ್ಗುತ್ತವೆ. ಹಾಗೆಂದು ಟೈರಿನ ಪಕ್ಕೆಯ ಮೇಲೆ ಅಚ್ಚಾದ 44 ಅಥವಾ 51ರ ತನಕ ತುಂಬಿಸುವುದೂ ತಪ್ಪು. ಅದು ಟೈರಿನ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಹೇಳಿದ ಅಳತೆಯಲ್ಲ.

ನಿಮ್ಮ ಕಾರಿನ ಅಳತೆ ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿದೆ. ಎಷ್ಟೋ ಕಾರುಗಳಿಗೆ ಎರಡು ಸಾಲು ಇರುತ್ತವೆ: ಒಂದಿಬ್ಬರು ಕೂತಾಗ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು. ಎರಡನೆಯದರಲ್ಲಿ ಹಿಂದಿನ ಟೈರಿಗೆ ಹೆಚ್ಚು ಬರೆದಿರುವುದು ಸಾಮಾನ್ಯ, ಏಕೆಂದರೆ ಹಿಂದಿನ ಸೀಟಿನ ಮೂವರು ಮತ್ತು ಡಿಕ್ಕಿಯ ಅಕ್ಕಿ ಚೀಲಗಳು ಬೀಳುವುದು ಬಹುಪಾಲು ಹಿಂದಿನ ಅಚ್ಚಿನ ಮೇಲೆ. ಒಂದೇ ಅಂಕಿ ಇದ್ದರೆ ಅದನ್ನೇ ಪಾಲಿಸಿ, ಕಾರಿನ ಭಾರದ ಮಿತಿ ಮೀರಬೇಡಿ. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬಂದ ಮೇಲೆ ಕಾದ ಟೈರಿನಲ್ಲಿ ಅಂಕಿ ಹೆಚ್ಚು ಕಂಡಿತೆಂದು ಗಾಳಿ ಬಿಡಬೇಡಿ. ಕಾರು ಮೂರು ಗಂಟೆಯಾದರೂ ನಿಂತಿದ್ದಾಗ, ಬೆಳಿಗ್ಗೆ ಹೊರಡುವ ಮುನ್ನ ಅಳೆಯಿರಿ. ಭಾರ ಇಳಿಸಿದ ಮೇಲೆ, ಟೈರು ತಣ್ಣಗಾದಾಗ, ಮಾಮೂಲಿ ಅಂಕಿಗೆ ತನ್ನಿ.